ಗಂಗಾಳದ ನೀರಿನಾಚೆ ಹಾಲಗುಡ್ಡ

ಕೋಡಗಲ್ಲು ಗುಡ್ಡದ ನೆತ್ತಿಯ ಮೇಲೆ, ಹಿತ್ತಾಳೆಯ ಗಂಗಾಳದಲ್ಲಿ ತುಂಬಿದ ನೀರಿನಾಚೆ ನಾನು ಏನು ನೋಡಿದೆ ಎಂಬುದನ್ನು ಖಚಿತವಾಗಿ ಹೇಳಲಾರೆ. ಒಂದು ನೆನಪಿನಲ್ಲಿ ನಾನು ಕಾದ ಬಂಡೆಯ ಮೇಲೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ಕುರಿಗಾಹಿ ಅಜ್ಜ ತೋರಿಸಿದ್ದನ್ನು ಸರಿಯಾಗಿಯೇ ಕಂಡಿದ್ದೇನೆ. ಇನ್ನೊಂದರಲ್ಲಿ ಗಾಳಿಗೆ ನೀರು ನಡುಗುತ್ತಿದೆ, ಬೆವರಿಗೆ ಕನ್ನಡಕ ಮಸುಕಾಗಿದೆ, ಏನೂ ತಿಳಿಯುತ್ತಿಲ್ಲ. ಮತ್ತೊಂದರಲ್ಲಿ ನಾನು ಬಗ್ಗಿಯೇ ಇಲ್ಲ. ನಿಂತಲ್ಲೇ ನಿಂತು ಅಂಗಿಯ ಚುಂಗಿನಿಂದ ಫೋನು ಒರೆಸುತ್ತಿದ್ದೇನೆ. ಮೂರೂ ನನ್ನ ತಲೆಯೊಳಗೇ ಇವೆ. ಮೂರಕ್ಕೂ ಅದೇ ಬಿಸಿಲು, ಅದೇ ಕಂಬಳಿಯ ವಾಸನೆ.

ಅಲ್ಲಿ ಆಗಬೇಕಿದ್ದದ್ದು ಸಣ್ಣ ಕೆಲಸ. ಎರಡು ಗುಡ್ಡಗಳಲ್ಲಿ ಯಾವುದು ಎತ್ತರ ಎಂದು ಗೊತ್ತು ಮಾಡುವುದು. ನಾನು ತಪ್ಪು ಗುಡ್ಡವನ್ನು ಎತ್ತರವೆಂದು ಬರೆದೆ. ಅದರಿಂದ ಒಬ್ಬ ಮುದುಕನ ಕೈಯಿಂದ, ಅವನ ಅಪ್ಪನಿಂದ ಬಂದಿದ್ದ ಒಂದು ಹಕ್ಕು ಹೋಯಿತು. ಕಾಣದೆ ಬರೆದಿದ್ದರೆ ಅದು ತಪ್ಪು. ಕಂಡೂ ಬರೆದಿದ್ದರೆ ಅದಕ್ಕೆ ಬೇರೆಯೇ ಹೆಸರು. ಬಹಳ ದಿನ ನಾನು ಈ ಎರಡರ ನಡುವೆ ಅನುಕೂಲಕ್ಕೆ ತಕ್ಕಂತೆ ಓಡಾಡಿಕೊಂಡಿದ್ದೆ.

ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವನು. ಬಾಗಲಕೋಟೆಯ ನವನಗರದಲ್ಲಿ ಮನೆ, ಒಂದು ಕಚೇರಿಯಲ್ಲಿ ನಕ್ಷೆಗಳ ಕೆಲಸ. ದಿನವಿಡೀ ನಕ್ಷೆ ನೋಡುವವನಿಗೆ ನಕ್ಷೆಯ ಖಾಲಿ ಜಾಗಗಳೇ ಕಣ್ಣಿಗೆ ಹೊಡೆಯುತ್ತವೆ. ಬಾದಾಮಿಯ ಗುಹೆಗಳಿರುವ ಬಂಡೆಗಳನ್ನು ಜಗತ್ತೇ ಬಂದು ನೋಡಿ ಹೋಗುತ್ತದೆ. ಅವುಗಳ ಬೆನ್ನಿಗೆ, ಕೆರೂರಿನ ದಿನ್ನೆಗಳಿಂದ ಹಿಡಿದು ಹುನಗುಂದದ ಕಡೆಗೆ ಹಬ್ಬಿದ ಮರಳುಗಲ್ಲಿನ ಸಾಲಿನಲ್ಲಿ ಎಷ್ಟೋ ಗುಡ್ಡಗಳಿಗೆ ನಕ್ಷೆಯಲ್ಲಿ ಹೆಸರಿಲ್ಲ, ಎತ್ತರವಿಲ್ಲ; ಬೆರಳಚ್ಚಿನಂಥ ಕಂದು ಗೆರೆಗಳು ಮಾತ್ರ. ಅವುಗಳ ಪಟ್ಟಿ ಮಾಡಿ ಒಂದು ಪುಸ್ತಿಕೆ ತರುತ್ತೇನೆ ಎಂದು ಹೊರಟೆ. ಹಿಡಿದ ಕೆಲಸ ಮುಗಿಸುವ ಸ್ವಭಾವ ನನ್ನದಲ್ಲ. ಅದಕ್ಕೂ ಮುಂಚೆ ಹಳೆಯ ಬಾವಿಗಳ ಪಟ್ಟಿ ಅರ್ಧಕ್ಕೆ ಬಿಟ್ಟಿದ್ದೆ, ಅದಕ್ಕೂ ಮುಂಚೆ ಹುಲ್ಲುಗಳದ್ದು. ಭಾನುವಾರ ಬೆಳಿಗ್ಗೆ ಬೈಕು ಹೊರಗೆ ತೆಗೆಯುವಾಗ ಹೆಂಡತಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಗುಡ್ಡಕ್ಕ ಹೆಸರ ಬರಿಯಾಕ ಹೊಂಟೀರಿ. ಬಚ್ಚಲದ ನಳ ಎಂಟ ದಿನದಿಂದ ಸೋರಾಕತ್ತೈತಿ, ಅದರ ಹೆಸರ ಬರಕೊಂಡೀರೇನು?"

ಒಂದು ನಿಯಮ ಇಟ್ಟುಕೊಂಡಿದ್ದೆ. ಕೇಳಿದ್ದನ್ನು ಹೆಸರಿಗೆ ಮಾತ್ರ ನಂಬುವುದು, ಎತ್ತರಕ್ಕೆ ಅಳೆದದ್ದನ್ನು ಮಾತ್ರ. ಊರವರು ತಮ್ಮ ಗುಡ್ಡವನ್ನು ಎತ್ತರವೆಂದೇ ಹೇಳುತ್ತಾರೆ, ಅದು ಸಹಜ. ಅವರ ಮಾತಿಗೆ ತಲೆಯಾಡಿಸಿ ಫೋನು ನೋಡುತ್ತಿದ್ದೆ. ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಭಾಗವಿತ್ತು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ, ಅದರ ಲೆಕ್ಕದಿಂದ ಎತ್ತರ ಸಿಗುತ್ತದೆ.

ಅಜ್ಜ ನನಗೆ ಸಿಕ್ಕಿದ್ದು ಕೆರೂರಿನ ಸಂತೆಯಲ್ಲಿ. ಚಹಾದಂಗಡಿಯ ಬೆಂಚಿನ ಮೇಲೆ ನಾನು ನಕ್ಷೆ ಹರವಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ತಟ್ಟೆಯಲ್ಲಿ ಚಹಾ ಆರಿಸಿಕೊಳ್ಳುತ್ತ ಇಣುಕಿ ನೋಡಿದ. ಇದೇನು ಎಂದು ಕೇಳಿದ. ನಿಮ್ಮ ಕಡೆಯ ಗುಡ್ಡಗಳು ಎಂದೆ. ಅವನು ಬಹಳ ಹೊತ್ತು ನೋಡಿ, ಇದರಾಗ ಕುರಿ ಎಲ್ಲಿ ನೀರು ಕುಡೀಬೇಕು ಅನ್ನೂದು ಇಲ್ಲಲ್ಲ ಎಂದ. ಮುಂದಿನ ಭಾನುವಾರ ಬಂದರೆ ತೋರಿಸುತ್ತೇನೆ ಅಂದ.

ಬೀರಪ್ಪ ದೇವರ ಒಕ್ಕಲು, ಕುರಿಯ ಮನೆತನ ಅವನದು. ಗುಡ್ಡದ ಬುಡದಲ್ಲಿ ಹತ್ತಿಪ್ಪತ್ತು ಮನೆಗಳ ಹಟ್ಟಿ. ಕುರಿ ಈಗ ಅಣ್ಣತಮ್ಮಂದಿರ ಮಕ್ಕಳು ಕಾಯುತ್ತಿದ್ದರು. ಅಜ್ಜನಿಗೆ ನಡೆಯುವುದು ಬಿಡಲಾಗದೆ ನನ್ನ ಜೊತೆ ನಡೆದ. ಒಂದು ಬೇಸಿಗೆ ಪೂರ್ತಿ ನಡೆದ. ಅವನ ಹೆಗಲ ಚೀಲದಲ್ಲಿ ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ, ನೀರಿನ ಬಾಟಲಿ, ಜೊತೆಗೆ ಅಂಚು ಎತ್ತರದ ಒಂದು ಹಿತ್ತಾಳೆಯ ಗಂಗಾಳ. ಇಷ್ಟು ಭಾರದ ಊಟದ ತಾಟನ್ನು ಗುಡ್ಡಕ್ಕೆ ಯಾಕೆ ಹೊರುತ್ತೀ ಎಂದು ಕೇಳಿದರೆ, ರೊಟ್ಟಿ ಕೈಯಾಗ ಹಿಡಕೊಂಡು ತಿನ್ನಾಕ ನಾ ಏನ್ ಮಂಗ್ಯಾನ್ರಿ ಎಂದ. ದೂರವನ್ನು ಬೀಡಿಗಳಲ್ಲಿ ಹೇಳುತ್ತಿದ್ದ. ಮೂರು ಬೀಡಿಯ ಗುಡ್ಡ, ಐದು ಬೀಡಿಯ ಗುಡ್ಡ. ನಾನು ಏದುಸಿರು ಬಿಡುತ್ತ ಹಿಂದುಳಿದಾಗ ಮೇಲಿನಿಂದ ಕೂಗುತ್ತಿದ್ದ: "ಸಾಹೇಬ್ರ, ಎಲ್ಲಾ ಆ ಫೋನ್ ಮಾಡ್ತೈತಿ ಅಂತೀರಿ. ಹತ್ತೂದೂ ಅದಕ್ಕ ಹೇಳ್ರಿ."

ಅವನಿಂದ ಹೆಸರುಗಳು ಬಂದವು. ಕವಳಿಹಣ್ಣಿನ ಗುಡ್ಡ, ಸಗಣಿಯಂಥ ಬಣ್ಣದ ಬಂಡೆಯಿದ್ದದ್ದು, ತೋಳ ಮರಿ ಹಾಕಿದ್ದು. ಅವನ ಹಟ್ಟಿಯ ಮೇಲಿನದು ಹಾಲಗುಡ್ಡ. ಅದರ ಎದುರಿಗೆ, ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಇನ್ನೊಂದು ಹಟ್ಟಿಯ ಮೇಲಿನದು ಕೋಡಗಲ್ಲು. ಹಾಲಗುಡ್ಡದ ತಲೆ ಚಪ್ಪಟೆ, ರೊಟ್ಟಿ ಬಡಿಯುವ ಕಲ್ಲಿನಂತೆ. ಕೋಡಗಲ್ಲು ಚೂಪು. ಕೆಳಗಿನ ರಸ್ತೆಯಿಂದ ನೋಡಿದರೆ ಯಾರಾದರೂ ಕೋಡಗಲ್ಲೇ ಎತ್ತರ ಎನ್ನುತ್ತಾರೆ. ನಕ್ಷೆಯಲ್ಲಿ ಎರಡೂ ಒಂದೇ ಎತ್ತರದ ಗೆರೆಯೊಳಗೆ.

ಆ ಎರಡು ಹಟ್ಟಿಗಳಿಗೆ ಯಾವುದು ಎತ್ತರ ಎನ್ನುವುದು ಬರೀ ಹೆಮ್ಮೆಯ ಮಾತಾಗಿರಲಿಲ್ಲ. ಮೊದಲ ಮಳೆಗಳಾಗಿ ಗುಡ್ಡದಲ್ಲಿ ಹುಲ್ಲು ಚಿಗುರಿದಾಗ ಅವರು ಕುರಿಗಳನ್ನು ಕೂಡಲೇ ಮೇಲೆ ಬಿಡುವುದಿಲ್ಲ. ಹುಲ್ಲು ಬೇರು ಹಿಡಿಯಬೇಕು. ಆಮೇಲೆ ಒಂದು ಸೋಮವಾರ ಮುಂಜಾನೆ ಅತಿ ಎತ್ತರದ ಗುಡ್ಡದ ಮೇಲೆ ಹೊಸ ಗಡಿಗೆಯಲ್ಲಿ ಹಾಲು ಉಕ್ಕಿಸುತ್ತಾರೆ, ಹಸಿ ತೊಪ್ಪಲು ಹಾಕಿ ಹೊಗೆ ಎಬ್ಬಿಸುತ್ತಾರೆ. ಆ ಹೊಗೆ ಕಂಡ ಮೇಲೆ ಉಳಿದ ಗುಡ್ಡಗಳವರು ತಮ್ಮ ತಮ್ಮ ಗಡಿಗೆಗೆ ಬೆಂಕಿ ಹಚ್ಚುತ್ತಾರೆ. ಮಾರನೆಯ ದಿನ ಕುರಿ ಮೇಲೆ ಹೋಗುತ್ತವೆ. ಮೊದಲ ಹೊಗೆ ಹಾಲಗುಡ್ಡದ್ದು, ಎಂದರೆ ಅಜ್ಜನ ಮನೆತನದ್ದು. ಯಾವ ಸೋಮವಾರ ಎಂದು ಹೇಳುವವನೂ ಅವನೇ. ವಾರಕ್ಕೆ ಎರಡು ಸಲ ಹತ್ತಿ, ಹುಲ್ಲಿನ ಬುಡಕ್ಕೆ ಬೆರಳು ಹಾಕಿ ಎಳೆದು ನೋಡುತ್ತಿದ್ದ. ಬೇರು ಸಮೇತ ಬಂದರೆ ಇನ್ನೂ ಆಗಿಲ್ಲ; ಎಲೆ ಮಾತ್ರ ಹರಿದು ಬಂದರೆ ಆಗಿದೆ. ಕೋಡಗಲ್ಲಿನ ಹಟ್ಟಿಯ ಹಿರಿಯನೆಂದರೆ ಅಜ್ಜನ ಹೆಂಡತಿಯ ತಮ್ಮ. ಭೇಟಿಯಾದಾಗಲೆಲ್ಲ ಇವನನ್ನು ಕೆಣಕುತ್ತಿದ್ದ: "ಮಾವಾ, ನಿನ್ನ ಗುಡ್ಡಕ್ಕ ಬೊಜ್ಜ ಬಂದೈತಿ. ಅಗಲಾಗೇತಿ, ಎತ್ತರ ಎಲ್ಲೈತಿ?" ಅಜ್ಜ ನಗುತ್ತಿದ್ದ. ಅದು ತಲೆಮಾರುಗಳಿಂದ ನಡೆದುಬಂದ ಚೇಷ್ಟೆ. ಯಾರೂ ಅಳೆದಿರಲಿಲ್ಲವಾದ್ದರಿಂದ ಅದು ಚೇಷ್ಟೆಯಾಗಿಯೇ ಉಳಿದಿತ್ತು.

ಅಳೆಯಲು ನಾನು ಬಂದೆ.

ಆ ದಿನದ ಕ್ರಮ ನನ್ನ ನೋಟುಪುಸ್ತಕದಲ್ಲಿದೆ, ಅದನ್ನು ನಂಬಬಹುದು. ಬೆಳಿಗ್ಗೆ ಏಳಕ್ಕೆ ಹಟ್ಟಿಯ ಬಾವಿಕಟ್ಟೆಯ ಮೇಲೆ ಫೋನಿಟ್ಟು ಮೊದಲ ಅಂಕಿ ಬರೆದುಕೊಂಡೆ. ಹತ್ತು ಗಂಟೆಗೆ ಹಾಲಗುಡ್ಡದ ಮೇಲೆ. ಬಿಸಿಲೇರಿತು, ಇಳಿದೆವು, ಅಜ್ಜನ ಮನೆಯಲ್ಲಿ ರೊಟ್ಟಿ ತಿಂದು ಮಲಗಿದೆವು. ಮಧ್ಯಾಹ್ನ ಎದ್ದು ಕೋಡಗಲ್ಲಿಗೆ ಹೊರಡುವ ಮುಂಚೆ ಮತ್ತೆ ಬಾವಿಕಟ್ಟೆಗೆ ಹೋಗಿ ಅದೇ ಜಾಗದಲ್ಲಿ ಅಂಕಿ ನೋಡಬೇಕಿತ್ತು. ಹವೆಯ ಒತ್ತಡ ದಿನದಲ್ಲಿ ತಾನಾಗಿಯೇ ಬದಲಾಗುತ್ತದೆ, ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಬುಡದ ಅಂಕಿ ಎಷ್ಟು ಸರಿದಿದೆ ಎಂದು ನೋಡದೆ ನೆತ್ತಿಯ ಅಂಕಿ ಹೋಲಿಸಬಾರದು. ಇದು ಪದವಿಯ ಎರಡನೆಯ ವರ್ಷದ ಪಾಠ. ಬಾವಿ ಹಟ್ಟಿಯ ಆ ತುದಿಗೆ, ಇನ್ನೂರು ಹೆಜ್ಜೆ. ಬಿಸಿಲು ಬಹಳವಿತ್ತು. ನೋಟುಪುಸ್ತಕದಲ್ಲಿ ಆ ಸಾಲು ಖಾಲಿ ಇದೆ.

ನಾಲ್ಕರ ಸುಮಾರಿಗೆ ಕೋಡಗಲ್ಲಿನ ತುದಿಯಲ್ಲಿ ಫೋನು ಹಾಲಗುಡ್ಡಕ್ಕಿಂತ ಹನ್ನೊಂದು ಮೀಟರು ಹೆಚ್ಚು ತೋರಿಸಿತು. ನನಗೆ ಎಂಥ ಖುಷಿಯಾಯಿತು ಎಂಬುದು ಮಾತ್ರ ಯಾವ ಸಂಶಯವೂ ಇಲ್ಲದೆ ನೆನಪಿದೆ. ಸಾಲಿನಲ್ಲೇ ಅತಿ ಎತ್ತರದ್ದು ಎಂದು ಎಲ್ಲರೂ ನಂಬಿದ ಗುಡ್ಡ ಅತಿ ಎತ್ತರದ್ದಲ್ಲ. ಪುಸ್ತಿಕೆಯ ಮೊದಲ ವಾಕ್ಯ ಅಲ್ಲಿಯೇ ಸಿದ್ಧವಾಯಿತು. ಅಜ್ಜನಿಗೆ ಹೇಳಿದೆ. ಇದು ಹೆಚ್ಚು, ನಿಮ್ಮದು ಕಡಿಮೆ ಎಂದೆ.

ಅವನು ಸಿಟ್ಟಾಗಲಿಲ್ಲ. ಇಲ್ಲರಿ ಎಂದ ಅಷ್ಟೆ, ಮಳೆ ಬರೂದಿಲ್ಲ ಎನ್ನುವ ಧಾಟಿಯಲ್ಲಿ. ಚೀಲದಿಂದ ಗಂಗಾಳ ತೆಗೆದ. ಬಂಡೆಯ ಮೇಲೆ ಸಣ್ಣ ಕಲ್ಲುಗಳನ್ನು ಕೊಟ್ಟು ಕೂರಿಸಿ, ಬಾಟಲಿಯಲ್ಲಿದ್ದ ನೀರನ್ನೆಲ್ಲ ಅದಕ್ಕೆ ಸುರಿದ. ನಮ್ಮ ಹತ್ತಿರ ಉಳಿದಿದ್ದ ನೀರು ಅಷ್ಟೇ. ಇನ್ನೂ ತುಂಬಲಿಲ್ಲ ಎಂದು ನನ್ನ ಬಾಟಲಿಯದನ್ನೂ ಕೇಳಿ ಹಾಕಿದ. ಅಂಚಿನವರೆಗೆ ಬಂದು ನೀರು ಉಬ್ಬಿ ನಿಂತಿತು. ಕಂಬಳಿ ಬಿಚ್ಚಿ ಗಾಳಿಗೆ ಅಡ್ಡ ಹಿಡಿದ. ಆಗ ನನಗೆ ಗೊತ್ತಾಯಿತು ಗಂಗಾಳ ಯಾಕೆ ಎಂದು. ನೀರು ಎಲ್ಲಿದ್ದರೂ ಮಟ್ಟ. ಕಣ್ಣನ್ನು ಈ ಅಂಚಿಗೆ ತಂದು ಆ ಅಂಚಿನಾಚೆ ನೋಡಿದರೆ, ನೀರಿನ ಗೆರೆಗಿಂತ ಮೇಲೆ ಕಂಡದ್ದು ನಾವು ಕೂತ ಜಾಗಕ್ಕಿಂತ ಎತ್ತರ, ಗೆರೆಯ ಕೆಳಗೆ ಮುಚ್ಚಿಹೋದದ್ದು ತಗ್ಗು. ಅವನ ಅಪ್ಪ ಅವನಿಗೆ ಹಾಗೆಯೇ ತೋರಿಸಿದ್ದನಂತೆ.

ಅಜ್ಜ ಮೊದಲು ತಾನು ಬಗ್ಗಿ ನೋಡಿದ. "ಜ್ವಾಳದ ಕಾಳಿನಷ್ಟ ಮ್ಯಾಲೈತಿ," ಎಂದ. "ಬರ್ರಿ, ನೋಡ್ರಿ."

ಇಲ್ಲಿಂದಲೇ ನನ್ನ ನೆನಪು ಮೂರಾಗುವುದು. ನಂತರದ್ದು ಮತ್ತೆ ಒಂದೇ. ಅವನು ಕಂಬಳಿ ಹಿಡಿದುಕೊಂಡೇ ಕೇಳಿದ: "ಕಂಡ್ತೋ ಇಲ್ಲೋ?"

"ನೀರು ಅಲುಗಾಡತದ," ಎಂದೆ.

ಅವನು ನನ್ನ ಮುಖ ನೋಡಿದ. ಕಂಬಳಿ ಹೊದ್ದುಕೊಂಡು ಗಂಗಾಳವನ್ನು ಎರಡೂ ಕೈಯಿಂದ ಎತ್ತಿ ನನ್ನ ಮುಂದೆ ಹಿಡಿದ. ಕುಡೀರಿ, ಇಳಿಯೂತನಕಾ ನೀರಿಲ್ಲ ಎಂದ. ಕುಡಿದೆ. ಬಿಸಿ ನೀರು, ಉಳ್ಳಾಗಡ್ಡಿಯ ವಾಸನೆ, ಹಿತ್ತಾಳೆಯ ಒಗರು. ಅರ್ಧಕ್ಕಿಂತ ಹೆಚ್ಚು ಕುಡಿದೆನೋ ಏನೋ. ಉಳಿದದ್ದನ್ನು ಅವನು ಕುಡಿದ.

ಪುಸ್ತಿಕೆ ಅಚ್ಚಾದದ್ದು ಇಳಕಲ್ಲಿನಲ್ಲಿ. ಅಲ್ಲಿ ನನ್ನ ಅಕ್ಕನ ಮನೆ. ಅವರ ಓಣಿಯಲ್ಲೇ ಸಣ್ಣ ಮುದ್ರಣಾಲಯ. ಕರಡಚ್ಚು ತಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಎರಡು ದಿನ ತಿದ್ದಿದೆ. ಪಕ್ಕದ ಮನೆಯ ಮಗ್ಗದ ಸದ್ದಿಗೆ ಮೊದಲ ಗಂಟೆ ತಲೆನೋವು ಬರುತ್ತದೆ, ಆಮೇಲೆ ಅದು ನಿಂತರೆ ತಲೆನೋವು. ಹಸ್ತಪ್ರತಿಯಲ್ಲಿ ಕೋಡಗಲ್ಲಿನ ಎತ್ತರದ ಮುಂದೆ ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದೆ. ಯಾವಾಗ ಹಾಕಿದೆ ಎಂದು ನೆನಪಿಲ್ಲ. ಅದೂ ಅಚ್ಚಿಗೆ ಬಂದಿತ್ತು. ಇಡೀ ಪಟ್ಟಿಯಲ್ಲಿ ಅದೊಂದೇ ಪ್ರಶ್ನೆಚಿಹ್ನೆ, ಅದೂ ಅತಿ ಎತ್ತರದ ಗುಡ್ಡದ ಮುಂದೆ. ನೋಡಿದವರು ನಕ್ಕಾರು ಅನಿಸಿತು. ಬೇರೆಯವರು ಹೇಳಿದ ಪ್ರತಿ ಮಾತಿಗೂ ಪ್ರಶ್ನೆ ಹಾಕುವವನೆಂದು ಗೆಳೆಯರ ನಡುವೆ ನನ್ನ ಹೆಸರಿತ್ತು. ನನ್ನದೇ ಅಂಕಿಯ ಮುಂದಿದ್ದ ಪ್ರಶ್ನೆಯನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಮೊದಲ ಪುಟದ ಮೊದಲ ವಾಕ್ಯ ಹಾಗೆಯೇ ಉಳಿಯಿತು: 'ಸ್ಥಳೀಯರ ನಂಬಿಕೆಗೆ ವಿರುದ್ಧವಾಗಿ, ಈ ಸಾಲಿನ ಅತಿ ಎತ್ತರದ ಗುಡ್ಡ ಹಾಲಗುಡ್ಡವಲ್ಲ, ಕೋಡಗಲ್ಲು.'

ಅಂಥ ಪುಸ್ತಿಕೆಗಳನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಹತ್ತಿರದ ಶಾಲೆಗೆ ನಾನೇ ಎರಡು ಪ್ರತಿ ಕೊಟ್ಟು ಬಂದಿದ್ದೆ. ಅಲ್ಲಿಂದ ಅದು ಕೋಡಗಲ್ಲಿನ ಹಟ್ಟಿಗೆ ಹೋಯಿತು. ಮಳೆಗಾಲಕ್ಕೆ ಮುಂಚೆ ಹಿರಿಯರು ಕೂತರಂತೆ. ನಡುವೆ ಕಂಬಳಿ ಹಾಸಿ, ಅದರ ಮೇಲೆ ನನ್ನ ಪುಸ್ತಿಕೆ ಇಟ್ಟು ಮಾತಾಡಿದರಂತೆ. ಅಜ್ಜ, ಗಂಗಾಳ ತರ್ತೇನಿ, ನೋಡೂಣು ನಡೀರಿ ಅಂದನಂತೆ. ಅದಕ್ಕೆ ಅವನ ಹೆಂಡತಿಯ ತಮ್ಮ, ನೀರಾಗ ನೋಡಿದ್ದಕ್ಕಿಂತ ಓದಿದವ್ರು ಮಶಿನ್ ಹಿಡಿದು ನೋಡಿದ್ದು ಸುಳ್ಳ ಆಕ್ಕೈತೇನು ಮಾವಾ ಎಂದನಂತೆ. ಈ ಸಲ ನಗಲಿಲ್ಲವಂತೆ. ಮೇಲಾಗಿ ಆ ದಿನ ನನ್ನ ಜೊತೆ ಹತ್ತಿದ್ದವನು ಅಜ್ಜನೇ, ಅವನ ಎದುರಿಗೇ ಅಳೆದದ್ದು. ಅವನು ಗಂಗಾಳದ ಮಾತು ಅಲ್ಲಿಗೇ ಬಿಟ್ಟನಂತೆ. ಮೊದಲ ಹೊಗೆ ಕೋಡಗಲ್ಲಿಗೆ ಹೋಯಿತು, ಸೋಮವಾರ ಗೊತ್ತು ಮಾಡುವ ಹಕ್ಕೂ ಹೋಯಿತು.

ನನ್ನನ್ನು ಕರೆದರು. ಹೋದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ, ಆದರೂ ಹೋದೆ. ಕೋಡಗಲ್ಲಿನ ಮೇಲೆ ನನಗೆ ಹಳದಿ ರುಮಾಲು ಸುತ್ತಿದರು. ಗಡಿಗೆಯ ಹಾಲು ಉಕ್ಕಿ ಬೆಂಕಿಗೆ ಚೆಲ್ಲಿತು, ತೊಪ್ಪಲಿನ ಹೊಗೆ ಎದ್ದಿತು. ಎಲ್ಲರೂ ಎದುರಿನ ಹಾಲಗುಡ್ಡ ನೋಡುತ್ತ ನಿಂತರು. ಅಜ್ಜ ಹೊಗೆ ಎಬ್ಬಿಸಲಿಕ್ಕಿಲ್ಲ ಎಂದು ಯಾರೋ ಪಿಸುಗುಟ್ಟಿದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವನು ಮುನಿಸಿಕೊಂಡಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ, ಹಾಲಗುಡ್ಡದ ಚಪ್ಪಟೆ ತಲೆಯ ಮೇಲೆ ಹೊಗೆ ಎದ್ದಿತು. ಎರಡನೆಯದು ಯಾವಾಗ ಏಳಬೇಕೋ ಆಗಲೇ ಎದ್ದಿತು. ರೀತಿ ಬಿಡಲಿಲ್ಲ ಅವನು.

ಆ ಸೋಮವಾರ ಬೇಗವಾಯಿತು, ಇನ್ನೂ ಹುಲ್ಲು ಬೇರು ಹಿಡಿದಿಲ್ಲ ಎಂದು ಅಜ್ಜ ಮುಂಚೆಯೇ ಹೇಳಿದ್ದನಂತೆ. ಆ ವರ್ಷ ಎರಡೂ ಗುಡ್ಡಗಳಲ್ಲಿ ಹುಲ್ಲು ದೀಪಾವಳಿಗೆ ಮೊದಲೇ ಮುಗಿಯಿತು. ಮಳೆಯೂ ಕಡಿಮೆಯಿತ್ತು, ಹಾಗಾಗಿ ಕಾರಣ ಇದೇ ಎಂದು ನಾನು ಹೇಳಲಾರೆ. ಹೇಳಲಾರೆ ಎನ್ನುವುದು ನನಗೆ ಎಷ್ಟು ಸಲೀಸು.

ಆಮೇಲೆ ಒಂದು ಸಲ ಕೆರೂರಿನ ಸಂತೆಯಲ್ಲಿ ಅವನನ್ನು ದೂರದಿಂದ ಕಂಡು ಉಳ್ಳಾಗಡ್ಡಿ ಹೇರಿದ ಲಾರಿಯ ಹಿಂದೆ ಸರಿದು ನಿಂತೆ. ಬಹಳ ಹೊತ್ತು ನಿಂತೆ. ಹಮಾಲನೊಬ್ಬ, ಏನ್ ಕಳಕೊಂಡೀರಿ ಸರ ಎಂದು ಕೇಳಿದ.

ತಪ್ಪು ನನಗೆ ತಿಳಿದದ್ದು ಮನೆಯಲ್ಲಿ, ಒಂದು ರಜೆಯ ದಿನ. ಫೋನು ಬೆಳಗಿನಿಂದ ಊಟದ ಮೇಜಿನ ಮೇಲೆ ಬಿದ್ದಿತ್ತು, ಎತ್ತರ ತೋರಿಸುವ ಪರದೆ ಹಾಗೇ ತೆರೆದಿತ್ತು. ಬೆಳಿಗ್ಗೆ ಚಹಾ ಕೊಡುವಾಗ ಒಂದು ಅಂಕಿ ಓದಿದ್ದ ಹೆಂಡತಿ ಸಂಜೆಯ ಚಹಾಕ್ಕೆ ಇನ್ನೊಂದು ಓದಿದಳು. "ಏನ್ರಿ, ನಮ್ಮ ಮನಿ ಇಪ್ಪತ್ತ ಮೀಟರ್ ಏರೇದಲ್ರಿ. ನೋಡ್ರಿ, ಗುಡ್ಡದ ಪುಸ್ತಕದಾಗ ಇದನ್ನೂ ಹಾಕ್ರಿ." ಅವಳು ಅಡುಗೆಮನೆಗೆ ಹೋದಳು. ನಾನು ನೋಟುಪುಸ್ತಕ ತಂದು ಆ ಖಾಲಿ ಸಾಲು ನೋಡಿದೆ. ಇಪ್ಪತ್ತರಲ್ಲಿ ಹನ್ನೊಂದು ಕಳೆದರೆ ಒಂಬತ್ತು. ಕೋಡಗಲ್ಲಿಗಿಂತ ಹಾಲಗುಡ್ಡವೇ ಒಂಬತ್ತು ಮೀಟರು ಎತ್ತರವಿರಬೇಕು. ಜೋಳದ ಕಾಳಿನಷ್ಟು. ಚಹಾ ಆರಿಹೋಯಿತು.

ಅಜ್ಜ ಆಗ ಹುನಗುಂದದಲ್ಲಿ ಮಗಳ ಮನೆಯಲ್ಲಿದ್ದ, ಕಣ್ಣಿನ ಪೊರೆ ತೆಗೆಸಿಕೊಂಡು. ವಿಳಾಸ ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಮಗಳು ನನ್ನನ್ನು ಒಳಗೆ ಕರೆಯುವ ಮುಂಚೆ ತಂದೆಗೆ ಕೂಗಿ ಹೇಳಿದಳು: "ಅಪ್ಪಾ, ನಿನ್ನ ಗುಡ್ಡ ತಗ್ಗ ಮಾಡಿದವ್ರು ಬಂದಾರ." ಅಜ್ಜ ಕಪ್ಪು ಕನ್ನಡಕ ಹಾಕಿ ಮಂಚದ ಮೇಲೆ ಕೂತಿದ್ದ. ನನ್ನ ಕಡೆ ಮುಖ ತಿರುಗಿಸಿ, ಬರ್ರಿ ಸಾಹೇಬ್ರ, ಕಾಲಿಗೆ ನೀರ ಕೊಡವ್ವ ಎಂದ.

ಹೇಳಿದೆ. ಬಾವಿಕಟ್ಟೆಗೆ ಹೋಗದ್ದು, ಒತ್ತಡ, ಇನ್ನೂರು ಹೆಜ್ಜೆ. ಅವನು ನಡುವೆ ಒಮ್ಮೆ ಮಾತ್ರ, ಅವತ್ತ ಬಿಸಲ ಭಾಳಿತ್ತು ಖರೆ, ಎಂದ. ನನ್ನ ಪರವಾಗಿ ಹೇಳಿದ. ಹೊಸ ಕಾಗದ ಅಚ್ಚು ಮಾಡಿಸಿ ಪುಸ್ತಿಕೆಗಳಲ್ಲಿ ಅಂಟಿಸುತ್ತೇನೆ ಎಂದೆ. ಮಗಳು ಚಹಾದ ಬಸಿ ಕೆಳಗಿಟ್ಟು, ಅಂಟಸ್ರಿ, ಅದನ್ನ ಕುರಿ ಓದತಾವು ಎಂದಳು.

ಕೊನೆಗೆ ಬಂದ ಕೆಲಸಕ್ಕೆ ಬಂದೆ. "ಅಜ್ಜಾ, ಅವತ್ತ ನೀರಾಗ ನಾ ನೋಡಿದ್ನೋ ಇಲ್ಲೋ? ನಿನಗ ನೆನಪೈತೇನು?"

ಅವನು ಕನ್ನಡಕ ಸರಿಪಡಿಸಿಕೊಂಡ. "ನಾ ಕಂಬಳಿ ಹಿಡಕೊಂಡ ನಿಂತಿದ್ನಿ. ನನ್ನ ಲಕ್ಷ್ಯ ಗಾಳಿ ಕಡೆ. ನೀವು ಬಗ್ಗಿದ್ರೆನೋ ಬಿಟ್ರೆನೋ. ಬಗ್ಗಿದ್ರೂ ಕಣ್ಣಾಗ ಏನ್ ಬಿತ್ತು ಅನ್ನೂದು ನನಗ ಹ್ಯಾಂಗ ಗೊತ್ತಾಕ್ಕೈತ್ರಿ?" ಆಮೇಲೆ ಹೇಳಿದ: "ಕಾಗದ ಬ್ಯಾಡ. ಅವರ ಗುಡ್ಡದ ಮ್ಯಾಲ ನಿಂತ, ಅವರ ಮುಂದ, ನಿಮ್ಮ ಬಾಯ್ಲೆ ಹೇಳ್ರಿ. ನನಗ ಅಷ್ಟ ಸಾಕು."

ಒಪ್ಪಿದೆ. ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಅವನು ಕೇಳಿದ್ದು ಎಷ್ಟು ಕಡಿಮೆ ಎಂದು ಯೋಚಿಸಿದೆ, ಅದನ್ನು ಮಾಡಲು ಎರಡು ತಿಂಗಳು ತೆಗೆದುಕೊಂಡೆ.

ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಕೋಡಗಲ್ಲಿನ ಮೇಲೆ ಎರಡೂ ಹಟ್ಟಿಯ ಹಿರಿಯರು ಸೇರಿದರು. ಅಜ್ಜ ಹೊಸ ಕಣ್ಣು ಹೊತ್ತು, ಮಗಳ ಕೈ ಹಿಡಿದು ಹತ್ತಿ ಬಂದ. ಗಂಗಾಳವನ್ನು ಅವಳೇ ಹೊತ್ತಿದ್ದಳು. ನಾನು ತಪ್ಪಾಗಿದೆ ಎಂದೆ. ಮಧ್ಯಾಹ್ನದ ಹವೆಯಲ್ಲಿ ಫೋನು ಹೆಚ್ಚು ತೋರಿಸುತ್ತದೆ ಎಂದು ಬಿಡಿಸಿ ಹೇಳತೊಡಗಿದೆ. ಅಜ್ಜನ ಹೆಂಡತಿಯ ತಮ್ಮ ಅರ್ಧಕ್ಕೇ ತಡೆದು, ನೀರ ಹಾಕವ್ವ ಮೊದಲ ಎಂದ. ಗಂಗಾಳ ತುಂಬಿತು. ಅವನು ಹೊಟ್ಟೆಯ ಮೇಲೆ ಮಲಗಿ ಬಹಳ ಹೊತ್ತು ನೋಡಿದ. ಎದ್ದು ಮಂಡಿಯ ಮಣ್ಣು ಝಾಡಿಸಿಕೊಂಡು, "ಏ ಮಾವಾ, ನಿನ್ನ ಬೊಜ್ಜಿನ ಗುಡ್ಡ ತಲಿ ಎತ್ತೇದಪಾ," ಎಂದ. ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮಶಿನ್ ಕೆಟ್ಟಿತ್ತು, ಪಾಪ ಸಾಹೇಬ್ರೇನ್ ಮಾಡ್ತಾರ ಎಂದು ಯಾರೋ ಅಂದರು. ಹೌದು ಹೌದು, ಮಶಿನ್ನಿನ ತಪ್ಪು ಎಂದು ಉಳಿದವರೂ ಅಂದರು. ಫೋನು ಕೆಟ್ಟಿರಲಿಲ್ಲ. ಅದು ಅವತ್ತು ಒತ್ತಡವನ್ನು ಸರಿಯಾಗಿಯೇ ಅಳೆದಿತ್ತು. ನಾನು ಬಾಯಿ ತೆರೆಯಲಿಲ್ಲ. ಅಜ್ಜ ನನ್ನ ಕಡೆ ನೋಡಿದ ಅನಿಸಿತು. ಕಪ್ಪು ಕನ್ನಡಕದೊಳಗೆ ಎಲ್ಲಿ ನೋಡುತ್ತಿದ್ದ ಎಂದು ಹೇಳಲಾಗದು.

ಆ ವರ್ಷ ಮೊದಲ ಹೊಗೆ ಹಾಲಗುಡ್ಡದಿಂದ ಎದ್ದಿತು. ಅಜ್ಜ ಎರಡು ಸೋಮವಾರ ತಡ ಮಾಡಿದನಂತೆ, ಯಾರೂ ಆಡಿಕೊಳ್ಳಲಿಲ್ಲವಂತೆ. ನನಗೆ ಕರೆ ಬಂದಿತ್ತು. ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ, ಕೆರೂರಿನ ರಸ್ತೆಯ ಪಕ್ಕದಲ್ಲಿ ಬೈಕು ನಿಲ್ಲಿಸಿ ದೂರದಿಂದ ನೋಡಿದೆ. ಅವನಿಗೆ ಅವನ ಹಕ್ಕು ಬಂತು. ನಡುವೆ ಹೋದ ಒಂದು ವರ್ಷ, ಹಾಲಗುಡ್ಡದಲ್ಲಿ ಹೊಗೆ ಎರಡನೆಯದಾಗಿ ಎದ್ದ ಆ ಒಂದು ವರ್ಷ, ಬರಲಿಲ್ಲ. ಅಷ್ಟು ವಯಸ್ಸಾದವನಿಗೆ ಒಂದು ವರ್ಷವೆಂದರೆ ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಿಲ್ಲ.

ಇಷ್ಟಾದ ಮೇಲೂ ಮೊದಲ ಪ್ರಶ್ನೆ ಉಳಿದೇ ಇತ್ತು. ಎಲ್ಲದಕ್ಕೂ ಸಾಕ್ಷಿ ಕೇಳುವವನು ನಾನು. ಆ ಬೇಸಿಗೆಯ ಚಿತ್ರಗಳನ್ನು ಫೋನು ತುಂಬಿದಾಗ ಒಂದು ಸಣ್ಣ ಮೆಮೊರಿ ಕಾರ್ಡಿಗೆ ಇಳಿಸಿ ಇಟ್ಟಿದ್ದೆ. ಕಾರ್ಡು ಎಲ್ಲಿದೆ ಎಂಬುದೂ ಗೊತ್ತಿತ್ತು, ಮೇಜಿನ ಮೇಲಿನ ಖಾನೆಯಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ. ಹುನಗುಂದಕ್ಕೆ ಹೋಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಎದ್ದ ಮುದುಕನನ್ನು ನನ್ನ ನೆನಪು ಕೇಳಿದೆನೇ ಹೊರತು ಆ ಖಾನೆ ತೆರೆಯಲಿಲ್ಲ. ಹೊಗೆ ನೋಡಿ ಬಂದ ವಾರ ತೆರೆದೆ.

ಕೋಡಗಲ್ಲಿನ ಮೇಲಿನ ಚಿತ್ರಗಳಲ್ಲಿ ಎರಡು ನೆಲಮಟ್ಟದಿಂದ ತೆಗೆದವು. ಸಮಯ ನಾಲ್ಕು ಗಂಟೆ ಹತ್ತು ನಿಮಿಷ. ಎರಡರಲ್ಲೂ ಕೆಳಗೆ ಹಿತ್ತಾಳೆಯ ಅಂಚು, ನೀರು, ಬಲಕ್ಕೆ ಕಂಬಳಿಯ ಚುಂಗು, ಆಚೆ ಹಾಲಗುಡ್ಡ. ಮೊದಲನೆಯದು ಅಲುಗಾಡಿದೆ. ಎರಡನೆಯದರಲ್ಲಿ ಫೋನನ್ನು ಅಂಚಿಗೆ ಒತ್ತಿ, ನೇರ ಮಾಡಿ, ಸ್ಪಷ್ಟವಾಗಿ ತೆಗೆದಿದ್ದೇನೆ. ಗುಡ್ಡದ ಚಪ್ಪಟೆ ತಲೆ ನೀರಿನ ಗೆರೆಗಿಂತ ಒಂದು ಜೋಳದ ಕಾಳಿನಷ್ಟು ಮೇಲಿದೆ.